ಮರುತುಂಬಿದ ತೋಟೆ: ಅಗ್ಗದ ಈಡಿಗೆ ತೆರುವ ಬೆಲೆ

ಕಾಫಿ ಸೀಮೆಯಲ್ಲಿ ಕೆಲಸ ಮಾಡುವ ವೈದ್ಯರಿಗೆ ಹಾವು ಕಚ್ಚಿಸಿಕೊಂಡವರು, ಮರದಿಂದ ಬಿದ್ದವರು, ಕತ್ತಿ ತಾಗಿಸಿಕೊಂಡವರು ಹೊಸಬರಲ್ಲ. ಬತ್ತ ತೆನೆಗಟ್ಟಿ ಹಂದಿಗಳು ಗದ್ದೆಗಿಳಿಯುವ ದಿನಗಳಲ್ಲಿ ಇನ್ನೊಂದು ಬಗೆಯ ಗಾಯಾಳು ಬರುವುದುಂಟು. ಎಡಗೈಗೆ ಟವೆಲ್ ಸುತ್ತಿರುತ್ತದೆ, ಮುಖದ ತುಂಬ ಮಸಿ ಮೆತ್ತಿರುತ್ತದೆ. ಜೊತೆಯಲ್ಲಿ ಬಂದವರು "ಕೋವಿ ಒಡೀತು ಡಾಕ್ಟ್ರೇ" ಎನ್ನುತ್ತಾರೆ. ಒಡೆದದ್ದು ಕೋವಿಯೇ ಆದರೂ ತಪ್ಪು ಎಷ್ಟೋ ಸಲ ಅದರೊಳಗೆ ಹಾಕಿದ ತೋಟೆಯದು.

ಕೆಲವು ವರ್ಷಗಳ ಹಿಂದೆ ನಾನು ನೋಡಿದ ರೈತರೊಬ್ಬರಿಗೆ ಆಗ ನಲವತ್ತರ ಹತ್ತಿರದ ವಯಸ್ಸು. ಬೆಳೆ ರಕ್ಷಣೆಯ ಪರವಾನಗಿ ಇದ್ದ ಒಂಟಿ ನಳಿಗೆಯ ಹನ್ನೆರಡು ಬೋರಿನ ಕೋವಿ ಅವರದು, ತಂದೆಯಿಂದ ಬಂದದ್ದು. ಪಕ್ಕದೂರಿನ ಪರಿಚಿತರೊಬ್ಬರು ಖಾಲಿ ತೋಟೆಗಳಿಗೆ ಮತ್ತೆ ಮದ್ದು, ಚರೆ ತುಂಬಿ ಬೇಕಾದವರಿಗೆ ಕೊಡುತ್ತಿದ್ದರು. ಅಂಗಡಿಯ ಬೆಲೆಗಿಂತ ಕಡಿಮೆ, ಪೇಟೆಗೆ ಹೋಗುವ ಅಲೆದಾಟವೂ ಇಲ್ಲ. ಇವರು ಎರಡು ಡಜನ್ ತಂದಿಟ್ಟುಕೊಂಡರು.

ರಾತ್ರಿ ಹಂದಿಗಳನ್ನು ಬೆದರಿಸಲು ಹೊಡೆದ ಮೊದಲನೆಯ ಈಡು 'ಟುಸ್' ಎಂದಿತು. ಮದ್ದು ತಂಡಿ ಹಿಡಿದಿರಬೇಕೆಂದುಕೊಂಡು ಅವರು ಕತ್ತಲಲ್ಲೇ ಖಾಲಿ ತೋಟೆ ತೆಗೆದು ಎರಡನೆಯದನ್ನು ಹಾಕಿ ಕುದುರೆ ಎಳೆದರು. ನಳಿಗೆ ಎಡಗೈಯಲ್ಲಿಯೇ ಸೀಳಿತು. ಹೆಬ್ಬೆರಳ ಅರ್ಧ ಮತ್ತು ತೋರುಬೆರಳು ಹೋದವು.

ಮೊದಲನೆಯ ತೋಟೆಯಲ್ಲಿ ಮದ್ದು ಸಾಕಷ್ಟಿರಲಿಲ್ಲ. ಅದರ ಅಟ್ಟೆಯ ಬಿಲ್ಲೆ ಹೊರಗೆ ಹಾರದೆ ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಎರಡನೆಯ ಈಡಿಗೆ ಹೊರಹೋಗಲು ದಾರಿ ಇರಲಿಲ್ಲ.

ಮುಚ್ಚಿದ ಬಾಯಿಯ ಒಳಗೇನಿದೆ?

ತೋಟೆ ಎಂದರೆ ಒಂದು ಸಣ್ಣ ಕೊಳವೆ. ಹಿತ್ತಾಳೆಯ ತಳದಲ್ಲಿ ಕೇಪು, ಅದರ ಮೇಲೆ ಮದ್ದು, ಮದ್ದಿನ ಮೇಲೆ ಅಟ್ಟೆ, ಅದರ ಮೇಲೆ ಚರೆ. ಕೊನೆಗೆ ಬಾಯಿ ಮಡಚಿ ಮುಚ್ಚಿರುತ್ತಾರೆ. ಕಾರಿನ ಟೈರಿನೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು 30 ಪೌಂಡು. ಹನ್ನೆರಡು ಬೋರಿನ ತೋಟೆ ಹೊತ್ತಿದಾಗ ಅದು ಕ್ಷಣಮಾತ್ರದಲ್ಲಿ 10,000 ಪೌಂಡಿನ ಆಸುಪಾಸಿಗೆ ಏರುತ್ತದೆ. ಇದು ಎಲ್ಲವೂ ಸರಿಯಿದ್ದಾಗಿನ ಮಾತು. ಈ ಒತ್ತಡಕ್ಕೂ ನಿಮ್ಮ ಕೆನ್ನೆಗೂ ನಡುವೆ ಇರುವುದು ಗೇಣುದ್ದದ ಅಂತರ, ಸ್ವಲ್ಪ ಉಕ್ಕು.

ಕಾರ್ಖಾನೆಯಲ್ಲಿ ಮದ್ದನ್ನು ಅಳೆದು ತುಂಬುತ್ತಾರೆ, ಪ್ರತಿ ತಂಡದಿಂದ ಕೆಲವನ್ನು ಹೊಡೆದು ಒತ್ತಡ ನೋಡುತ್ತಾರೆ. ಮನೆಯ ಜಗಲಿಯಲ್ಲಿ ಚಮಚದಲ್ಲಿ ತುಂಬಿದ್ದಕ್ಕೆ ಅಂಥ ಸಾಕ್ಷಿ ಇಲ್ಲ. ತಾನು ತುಂಬಿದ್ದನ್ನು ತಾನೇ ಹೊಡೆಯುವವನಿಗೆ ಯಾವ ಮದ್ದು, ಎಷ್ಟು, ಯಾವತ್ತು ತುಂಬಿದೆ ಎಂಬ ನೆನಪಾದರೂ ಇರುತ್ತದೆ. ಕೊಂಡವನಿಗೆ ಅದೂ ಇಲ್ಲ. ತೋಟೆಯ ಮೇಲಿರುವ ಅಕ್ಷರಗಳು ಹಿಂದೊಮ್ಮೆ ಅದರಲ್ಲಿ ಏನಿತ್ತೆಂದು ಹೇಳುತ್ತವೆಯೇ ಹೊರತು ಈಗ ಏನಿದೆಯೆಂದಲ್ಲ.

"ತೂಗಿ ನೋಡಿದರೆ ಗೊತ್ತಾಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಇಲ್ಲ. ಒಂದು ತೋಟೆಯಲ್ಲಿ ಚರೆಯೇ 30 ಗ್ರಾಂ ಆಸುಪಾಸು ಇರುತ್ತದೆ. ಈಗಿನ ಹೊಗೆಯಿಲ್ಲದ ಮದ್ದಾದರೋ ಒಂದೂವರೆ ಗ್ರಾಂ ಹತ್ತಿರ. ಚರೆಯ ನಾಲ್ಕೈದು ಕಾಳು, ಅಟ್ಟೆಯ ಒಂದು ಬಿಲ್ಲೆ ಹೆಚ್ಚುಕಡಿಮೆಯಾದರೆ ಮದ್ದಿನ ವ್ಯತ್ಯಾಸ ಅದರಲ್ಲೇ ಮುಚ್ಚಿಹೋಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿ ಪರೀಕ್ಷಿಸುವುದಂತೂ ನಗೆಪಾಟಲು.

ಇಲ್ಲಿ ಇನ್ನೊಂದು ತೊಡಕಿದೆ. ಹಳೆಯ ಕರಿಮದ್ದು ಮತ್ತು ಹೊಗೆಯಿಲ್ಲದ ಮದ್ದು ನೋಡಲು ಒಂದಕ್ಕೊಂದು ಹೋಲಬಹುದು, ಆದರೆ ಶಕ್ತಿಯಲ್ಲಿ ಅಜಗಜಾಂತರ. ಕರಿಮದ್ದಿಗೆಂದು ಮಾಡಿದ ಅಳತೆಯಲ್ಲಿ ಹೊಗೆಯಿಲ್ಲದ ಮದ್ದನ್ನು ತುಂಬಿದರೆ ಅದು ತೋಟೆಯಲ್ಲ, ಬಾಂಬು. ಪಟಾಕಿ ಬಿಚ್ಚಿ ಅದರ ಮದ್ದು ಸೇರಿಸುವ ಮಹಾಶಯರೂ ಇದ್ದಾರೆ. ಪಟಾಕಿಯ ಮದ್ದು ತಳ್ಳುವುದಿಲ್ಲ, ಸಿಡಿಯುತ್ತದೆ. ಅದನ್ನು ಯಾವ ನಳಿಗೆಯೂ ತಾಳಬೇಕೆಂದಿಲ್ಲ. ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಕೆಲವು ಕರಿಮದ್ದಿಗೆಂದೇ ಮಾಡಿದವು. ಕೆಲವಕ್ಕೆ ಎರಡೂವರೆ ಅಂಗುಲದ ತೋಟೆಯಷ್ಟೇ ಸರಿ, ಈಗ ಹೆಚ್ಚಾಗಿ ಸಿಗುವುದು ಎರಡೂಮುಕ್ಕಾಲು ಅಂಗುಲದ್ದು. ಉದ್ದದ ತೋಟೆ ಒಳಗೆ ಕುಳಿತುಕೊಳ್ಳುತ್ತದೆ, ಆದರೆ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಮಾರುವವನಿಗೆ ನಿಮ್ಮ ಕೋವಿ ಎಂಥದೆಂದು ಗೊತ್ತಿರುವುದಿಲ್ಲ, ಕೊಳ್ಳುವವರು ಹೇಳುವುದೂ ಇಲ್ಲ.

ಮತ್ತೆ ಮತ್ತೆ ತುಂಬಿದ ತೋಟೆಯ ತಳ ಬಿರುಕು ಬಿಟ್ಟಿದ್ದರೆ ಬಿಸಿ ಅನಿಲ ಹಿಂದಕ್ಕೆ, ಅಂದರೆ ಹೊಡೆಯುವವರ ಮುಖಕ್ಕೇ ನುಗ್ಗುತ್ತದೆ. ಒಂದೇ ಚೀಲದಲ್ಲಿ ಬೇರೆ ಬೇರೆ ಬೋರಿನವು ಕಲೆತಿದ್ದರೆ ಇನ್ನೂ ಕಷ್ಟ. ಇಪ್ಪತ್ತು ಬೋರಿನ ತೋಟೆ ಹನ್ನೆರಡು ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯೆಂದುಕೊಂಡು ಅದರ ಹಿಂದೆ ಇನ್ನೊಂದನ್ನು ಹಾಕಿ ಹೊಡೆದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕೈಯ ಗಾಯ ಕಾಣುತ್ತದೆ, ಕಣ್ಣಿನದು ಕಾಣುವುದಿಲ್ಲ

ಆ ರೈತರ ಕಥೆ ಕೈಗೇ ಮುಗಿಯಲಿಲ್ಲ. ಕೈಯ ಗಾಯ ಎಷ್ಟು ಘೋರವಾಗಿತ್ತೆಂದರೆ ಎಲ್ಲರ ಗಮನ ಅದರ ಮೇಲೆಯೇ ಹೋಯಿತು. ಕಣ್ಣಲ್ಲಿ ಸ್ವಲ್ಪ ಚುಚ್ಚಿದ ಹಾಗಾಗುತ್ತದೆ ಎಂದು ಅವರು ಹೇಳಿದ್ದರು. ಆದರೆ ಕಣ್ಣು ಕಾಣುತ್ತಿತ್ತು, ರಕ್ತವಿರಲಿಲ್ಲ. ಮಸಿ ಹೋಗಿರಬೇಕೆಂದು ಎಲ್ಲರೂ ಸುಮ್ಮನಾದರು. ನಾನು ಅವರನ್ನು ನೋಡಿದ್ದು ಮೂರು ವಾರಗಳ ನಂತರ, ಬಲಗಣ್ಣು ಮಂಜಾಗತೊಡಗಿದ ಮೇಲೆ. ಎಕ್ಸ್-ರೇಯಲ್ಲಿ ಕಣ್ಣುಗುಡ್ಡೆಯೊಳಗೆ ಎಳ್ಳಿನ ಕಾಳಿಗಿಂತ ಚಿಕ್ಕದಾದ ಲೋಹದ ಚೂರು ಕಾಣಿಸಿತು.

ವೇಗವಾಗಿ ಹಾರಿಬರುವ ಸಣ್ಣ ಚೂರು ಕಣ್ಣಿನೊಳಕ್ಕೆ ಹೊಕ್ಕ ದಾರಿ ತಾನಾಗಿಯೇ ಮುಚ್ಚಿಕೊಳ್ಳಬಹುದು. ನೋವು ಇಲ್ಲದಿರಬಹುದು. ಆದರೆ ಒಳಗುಳಿದ ಕಬ್ಬಿಣ ನಿಧಾನವಾಗಿ ತುಕ್ಕು ಬಿಡುತ್ತಾ ಅಕ್ಷಿಪಟಲವನ್ನು ಕೆಡಿಸುತ್ತದೆ. ಹಿತ್ತಾಳೆಯಲ್ಲಿರುವ ತಾಮ್ರವೂ ಕಣ್ಣಿಗೆ ವಿಷವೇ. ಅಪರೂಪಕ್ಕೆ, ಒಂದು ಕಣ್ಣಿಗೆ ಇಂಥ ಪೆಟ್ಟಾದ ಮೇಲೆ ಪೆಟ್ಟೇ ಬೀಳದ ಇನ್ನೊಂದು ಕಣ್ಣೂ ಉರಿಯೂತಕ್ಕೆ ಗುರಿಯಾಗುವುದುಂಟು. ಆದ್ದರಿಂದ ಕೋವಿ ಒಡೆದ ಯಾರನ್ನೇ ಆಗಲಿ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ಅದೇ ದಿನ ಕಣ್ಣಿನ ತಜ್ಞರಿಗೆ ತೋರಿಸಬೇಕು. ಎಂ.ಆರ್.ಐ. ಪರೀಕ್ಷೆಯ ಮಾತು ಬಂದರೆ ಲೋಹದ ಚೂರಿನ ಸಂಶಯವಿದೆಯೆಂದು ಮೊದಲೇ ಹೇಳಿ. ಆ ಯಂತ್ರದ ಅಯಸ್ಕಾಂತ ಚೂರನ್ನು ಕಣ್ಣಿನೊಳಗೇ ಎಳೆದಾಡಬಹುದು.

ದಾರಿಯಲ್ಲಿ ಕಣ್ಣನ್ನು ಉಜ್ಜುವುದು, ಒತ್ತಿ ಕಟ್ಟುವುದು, ಸೆರಗಿನ ತುದಿಯಿಂದ ಚೂರು ತೆಗೆಯಲು ಹೋಗುವುದು ಬೇಡ. ಕಣ್ಣಿಗೆ ಏನೋ ಹೊಕ್ಕಿದೆಯೆಂದು ಅನುಮಾನವಿದ್ದರೆ ನೀರಿನಲ್ಲಿ ತೊಳೆಯುವುದೂ ಬೇಡ. ಕಾಗದದ ಲೋಟವೊಂದರ ತಳವನ್ನು ಕತ್ತರಿಸಿ, ಅದು ಹುಬ್ಬು ಮತ್ತು ಕೆನ್ನೆಯ ಎಲುಬಿನ ಮೇಲಷ್ಟೇ ಕೂರುವಂತೆ ಅಂಟಿಸಿದರೆ ಸಾಕು. ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ. ಧೈರ್ಯಕ್ಕೆಂದು ಬ್ರಾಂದಿ ಕುಡಿಸಿ ಕರೆತರುವವರನ್ನು ಕಂಡು ಅರಿವಳಿಕೆ ತಜ್ಞರು ಹಣೆ ಚಚ್ಚಿಕೊಳ್ಳುತ್ತಾರೆ.

ಇನ್ನು ಕೈ. ಬಲಗೈಯವರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎಡಗೈಗೆ, ಏಕೆಂದರೆ ನಳಿಗೆಯನ್ನು ಹಿಡಿದಿರುವುದು ಅದೇ. ನಮ್ಮ ಕಡೆ ರಕ್ತ ನಿಲ್ಲಲು ಕಾಫಿ ಪುಡಿ ಮೆತ್ತುವ ಅಭ್ಯಾಸವಿದೆ, ಕೆಲವರು ಅರಿಶಿನ ತುಂಬುತ್ತಾರೆ. ಮದ್ದಿನ ಮಸಿ, ಬಟ್ಟೆಯ ಚೂರು, ಅಟ್ಟೆಯ ತುಣುಕು ಎಲ್ಲವೂ ಹೊಕ್ಕಿರುವ ಗಾಯಕ್ಕೆ ಇನ್ನೊಂದು ಕಸ ಸೇರಿಸಿದಂತಾಗುತ್ತದೆ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಗಿಯಾಗಿ ಒತ್ತಿಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿಟ್ಟುಕೊಂಡು ಹೊರಡಬೇಕು. ಬೆರಳಲ್ಲಿ ಉಂಗುರವಿದ್ದರೆ ಊತ ಬರುವ ಮುಂಚೆ ತೆಗೆಯಿರಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಟ್ಟು ಒಯ್ಯಿರಿ. ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು. ಧನುರ್ವಾತದ ಚುಚ್ಚುಮದ್ದು ಬೇಕೇಬೇಕು.

ಗಾಯ ಚಿಕ್ಕದಾಗಿ ಕಂಡರೂ ಒಂದೆರಡು ಗಂಟೆಗಳಲ್ಲಿ ಅಂಗೈ ಬಿಗಿದುಕೊಂಡು ಬೆರಳು ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ, ಬೆಳಗಾಗಲಿ ಎಂದು ಕಾಯಬೇಡಿ. ಒಳಗಿನ ಊತದಿಂದ ಸ್ನಾಯುಗಳಿಗೆ ರಕ್ತ ನಿಂತಿರುವ ಲಕ್ಷಣ ಅದು. ಮುಖದ ಚರ್ಮದೊಳಗೆ ಹೊಕ್ಕ ಮಸಿಯನ್ನು ಮೊದಲ ಒಂದೆರಡು ದಿನಗಳಲ್ಲಿ ವೈದ್ಯರು ಉಜ್ಜಿ ತೆಗೆಯದಿದ್ದರೆ ಅದು ಹಚ್ಚೆಯಂತೆ ಶಾಶ್ವತವಾಗಿ ಉಳಿಯುತ್ತದೆ.

ಕಿವಿಯ ಮಾತು ಸ್ವಲ್ಪವೇ ಹೇಳಿದರೆ ಸಾಕು. ಸರಿಯಾದ ಈಡಿನ ಸದ್ದೇ 140 ಡೆಸಿಬಲ್ ಮೀರುತ್ತದೆ, ಕಿವಿಗೆ ಒಂದೇ ಏಟಿಗೆ ಹಾನಿಯಾಗಲು ಅಷ್ಟು ಸಾಕು. ಒಡೆದ ಕೋವಿಯಿಂದ ತಮಟೆ ಹರಿಯಬಹುದು. ಆಗ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ದೊಡ್ಡ ತಪ್ಪು.

ಒಲೆಯ ಮೇಲಿನ ಸೀಸ

ತೋಟೆ ತುಂಬುವ ಮನೆಗಳವರು ತಮ್ಮ ವಿಚಾರಕ್ಕೂ ಗಮನ ಕೊಡಬೇಕು. ಹಳೆಯ ಬ್ಯಾಟರಿಯ ಸೀಸವನ್ನು ಬಚ್ಚಲ ಒಲೆಯ ಮೇಲೆ ಕರಗಿಸಿ ಚರೆ ಮಾಡುವುದುಂಟು. ಅದರ ಹೊಗೆ ಮತ್ತು ದೂಳು ಮನೆಯೊಳಗೆ ಕೂರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟ ಯಾವುದೂ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಬುದ್ಧಿ ಮಂಕಾಗುವುದು, ರಕ್ತಹೀನತೆ, ಆಗಾಗ ಹೊಟ್ಟೆನೋವು, ಇವೆಲ್ಲ ಅದರ ಕೊಡುಗೆ. ಇಂಥ ಮನೆಯ ಮಗುವನ್ನು ವೈದ್ಯರ ಬಳಿ ಕರೆದೊಯ್ದಾಗ ಈ ಸಂಗತಿಯನ್ನು ಮುಚ್ಚಿಡಬೇಡಿ. ಕೇಳದಿದ್ದರೆ ನಮಗೂ ಹೊಳೆಯುವುದಿಲ್ಲ.

ಕಾನೂನು ಏನೆನ್ನುತ್ತದೆ

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟೆ ತಯಾರಿಸಿ ಮಾರಲು ಪರವಾನಗಿ ಬೇಕು. ಸ್ವಂತ ಬಳಕೆಗೆಂದು ಇಟ್ಟುಕೊಂಡ ತೋಟೆಯನ್ನು ಇನ್ನೊಬ್ಬ ಪರವಾನಗಿದಾರರಿಗೆ ಕೊಡಬೇಕಾದರೂ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಬೇಕು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಹೊಂದಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಆದರೆ ಅದು ಕೋವಿ ಇಟ್ಟುಕೊಳ್ಳಲು, ತೋಟೆ ತುಂಬಿ ಮಾರಲು ಅಲ್ಲ. ಪುತ್ತರಿಯ ಕದಿರು ತೆಗೆಯುವಾಗ, ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುರಿಯಿಡುವಾಗ ಸುತ್ತ ಮಕ್ಕಳು, ಹೆಂಗಸರು, ಹಿರಿಯರು ನಿಂತಿರುತ್ತಾರೆ. ಅಲ್ಲಿ ಕೋವಿ ಒಡೆದರೆ ಗಾಯ ಒಬ್ಬರಿಗೇ ಆಗುವುದಿಲ್ಲ. ಪರವಾನಗಿಯುಳ್ಳ ಅಂಗಡಿಯಿಂದ, ಪೆಟ್ಟಿಗೆ ಒಡೆಯದ ಸರಕನ್ನು, ನಿಮ್ಮ ಕೋವಿಯ ಬೋರು ಮತ್ತು ತೋಟೆಯ ಉದ್ದ ಹೇಳಿ, ರಸೀದಿ ಸಮೇತ ಕೊಳ್ಳಿರಿ.

ಹಾಗೆ ಕೊಂಡದ್ದೂ ಅಪರೂಪಕ್ಕೆ ಕೈಕೊಡಬಹುದು. ಕುದುರೆ ಎಳೆದರೂ ಹೊತ್ತದಿದ್ದರೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕು, ತಡವಾಗಿ ಹೊತ್ತುವುದುಂಟು. ಸದ್ದು ಸಣ್ಣದಾಗಿ ಬಂದರೆ ಕೋವಿ ಮಡಚಿ, ತೋಟೆ ತೆಗೆದು, ಹಿಂಬದಿಯಿಂದ ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಬೇಕು. ಹಾಯದಿದ್ದರೆ ಅವತ್ತಿನ ಕೆಲಸ ಮುಗಿಯಿತೆಂದು ತಿಳಿಯಿರಿ.

ಆ ರೈತರ ಕಣ್ಣಿನ ಚೂರನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ದೃಷ್ಟಿ ಅರೆಬರೆ ಉಳಿಯಿತು. ತೋಟೆ ಕೊಟ್ಟವರು ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೆ ಬಂದು ಮಂಚದ ಪಕ್ಕ ತಲೆತಗ್ಗಿಸಿ ಕುಳಿತಿದ್ದರಂತೆ. "ಬೇಕೂಂತ ಮಾಡಿದ್ದಲ್ಲ ಡಾಕ್ಟ್ರೇ, ಅವರೂ ಅದನ್ನೇ ಹೊಡೀತಿದ್ರು" ಎಂದರು ರೈತರು.

ಮನೆಯಾಕೆ ಕೇಳಿದ್ದು ಬೇರೆ. "ಇನ್ನೂ ಇಪ್ಪತ್ತೆರಡು ಪೆಟ್ಟಿಗೆಯಲ್ಲಿ ಇದಾವೆ. ಏನು ಮಾಡೋದು? ಹೊಳೆಗೆ ಹಾಕಲಾ?" ಹೊಳೆಗೆ ಹಾಕಬಾರದು, ಹೂಳಬಾರದು, ಬೆಂಕಿಗಂತೂ ಖಂಡಿತ ಹಾಕಬಾರದು. ಬಿಚ್ಚಿ ಮದ್ದು ತೆಗೆಯಲು ಹೋಗಬಾರದು. ನೀರಲ್ಲಿ ನೆನೆಸಿಟ್ಟರೆ ಸತ್ತಿತೆಂದು ನಂಬುವಂತಿಲ್ಲ, ಒಣಗಿದ ಕೇಪು ಮತ್ತೆ ಹೊತ್ತಬಹುದು. ಕೋವಿಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಟ್ಟು, ಠಾಣೆಗೆ ಮೊದಲು ಸುದ್ದಿ ಮುಟ್ಟಿಸಿ, ಅವರು ಹೇಳಿದ ಹಾಗೆ ಒಪ್ಪಿಸಬೇಕು. ಆಕೆ ಮರುದಿನವೇ ಮೈದುನನನ್ನು ಠಾಣೆಗೆ ಕಳಿಸಿದರು.