ಕಾರಿನ ಮುಂದಿನ ಗಾಜು: ಸಣ್ಣ ಚುಕ್ಕೆ ದೊಡ್ಡ ಖರ್ಚಾಗುವುದು ಹೇಗೆ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ದೀಪಾವಳಿಯ ಸುಮಾರಿಗೆ ಕಬ್ಬಿನ ಹಂಗಾಮು ಆರಂಭವಾಗುತ್ತದೆ. ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಲುಗಟ್ಟುತ್ತವೆ. ರಸ್ತೆಯಂಚಿನ ಖಡಿ ಚಕ್ರಕ್ಕೆ ಸಿಕ್ಕಿ ಹಾರುತ್ತದೆ. ಎದುರಿನಿಂದಲೋ ಹಿಂದಿನಿಂದಲೋ ಬರುವ ಕಾರಿನ ಗಾಜಿಗೆ ‘ಟಕ್’ ಎಂದು ಬಡಿಯುತ್ತದೆ. ಇಳಿದು ನೋಡಿದರೆ ಸಾಸಿವೆ ಕಾಳಿನಷ್ಟು ಚುಕ್ಕೆ. ‘ಇಷ್ಟೇ ತಾನೆ’ ಎಂದು ಸುಮ್ಮನಾಗುತ್ತೇವೆ. ಕೆಲವು ವಾರಗಳ ಬಳಿಕ ಒಂದು ದಿನ ಗಾಜಿನ ಉದ್ದಕ್ಕೂ ಗೆರೆ ಮೂಡಿರುತ್ತದೆ. ಆಗ ಇಡೀ ಗಾಜನ್ನೇ ಬದಲಿಸಬೇಕು. ಸಾವಿರಾರು ರೂಪಾಯಿ ಖರ್ಚು. ಈ ನಡುವೆ ಗಾಜಿನೊಳಗೆ ನಡೆದುದೇನು? ಇದು ಭೌತಶಾಸ್ತ್ರದ ಪ್ರಶ್ನೆ.

ಕಲ್ಲಿನ ಪೆಟ್ಟು ಎಷ್ಟು?

ಕಾರು ಗಂಟೆಗೆ 90 ಕಿ.ಮೀ., ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿದೆ ಎನ್ನಿ. ಗಾಳಿಯಲ್ಲಿ ಹೆಚ್ಚು ಚಲನೆಯಿಲ್ಲದ 5 ಗ್ರಾಂ ಕಲ್ಲು ಗಾಜಿಗೆ ತಾಗಿದರೆ ಅದರ ಸಾಪೇಕ್ಷ ಚಲನಶಕ್ತಿ ಸುಮಾರು 1.6 ಜೂಲ್. ಇದೇ ವೇಗವನ್ನು ಪಡೆಯಲು ಕಲ್ಲು ಸುಮಾರು 32 ಮೀಟರ್ ಎತ್ತರದಿಂದ ಬೀಳಬೇಕು. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಅಂದರೆ ಜಲಪಾತದ ಅರ್ಧಕ್ಕೂ ಹೆಚ್ಚು ಎತ್ತರದಿಂದ ಬಿದ್ದ ಕಲ್ಲಿನ ಪೆಟ್ಟನ್ನು ಗಾಜು ತಿನ್ನುತ್ತದೆ. ಕಲ್ಲು ಎದುರಿನಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದರೆ ಸಾಪೇಕ್ಷ ವೇಗ 40 ಮೀಟರ್, ಶಕ್ತಿ 4 ಜೂಲ್. ಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 90ರ ಬದಲು 60 ಕಿ.ಮೀ. ವೇಗದಲ್ಲಿ ಹೋದರೆ ಮೊದಲ ಉದಾಹರಣೆಯ ಪೆಟ್ಟು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಒಂದಲ್ಲ, ಎರಡು ಗಾಜು

ಕಾರಿನ ಮುಂದಿನ ಗಾಜು ಮೂರು ಪದರಗಳ ರಚನೆ. ತಲಾ ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್‌ನ ತೆಳು ಹಾಳೆ ಇರುತ್ತದೆ. 1903ರಲ್ಲಿ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಅವರ ಪ್ರಯೋಗಾಲಯದಲ್ಲಿ ಬಿದ್ದ ಗಾಜಿನ ಪಾತ್ರೆ ಒಡೆದರೂ ಚೂರಾಗಲಿಲ್ಲ; ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು. ಈ ಬಗೆಯ ಗಾಜಿನ ಕಲ್ಪನೆ ಹುಟ್ಟಿದ್ದು ಅಲ್ಲಿಂದ. ಪಕ್ಕದ ಕಿಟಕಿಯ ಗಡಸುಗೊಳಿಸಿದ ಗಾಜು ಒಡೆದರೆ ಕಾಳುಕಾಳಾಗಿ ಉದುರುತ್ತದೆ. ಮುಂದಿನ ಗಾಜು ಬಿರುಕು ಬಿಟ್ಟರೂ ತನ್ನ ಸ್ಥಾನದಲ್ಲೇ ನಿಲ್ಲುತ್ತದೆ. ಕಲ್ಲಿನ ಚುಕ್ಕೆ ಸಾಮಾನ್ಯವಾಗಿ ಹೊರಗಿನ ಪದರದಲ್ಲಿ ಮಾತ್ರ ಇರುತ್ತದೆ. ದುರಸ್ತಿ ಸಾಧ್ಯವಾಗುವುದು ಇದರಿಂದಲೇ.

ಬಿರುಕು ಬೆಳೆಯುವ ನಿಯಮ

ತರಗತಿಯಲ್ಲಿ ಒಂದು ಸರಳ ಪ್ರಯೋಗ ಮಾಡಿ. ಶಾಂಪೂ ಪೊಟ್ಟಣವನ್ನು ಕಚ್ಚಿಲ್ಲದ ಕಡೆ ಎಳೆದು ಹರಿಯಲು ಪ್ರಯತ್ನಿಸಿ, ಕಷ್ಟ. ಅಂಚಿನಲ್ಲಿ ಕಚ್ಚು ಇರುವ ಕಡೆ ಎಳೆದರೆ ಸುಲಭವಾಗಿ ಹರಿಯುತ್ತದೆ. ಎಳೆತದ ಬಲವು ಕಚ್ಚಿನ ಚೂಪು ತುದಿಯಲ್ಲಿ ಕೇಂದ್ರೀಕರಿಸುವುದೇ ಕಾರಣ. ಗಾಜಿನ ಬಿರುಕಿನ ವಿಷಯದಲ್ಲಿ ಶಕ್ತಿಯ ಲೆಕ್ಕದಿಂದ ಇದನ್ನು ವಿವರಿಸಿದವರು ಬ್ರಿಟನ್ನಿನ ಎ.ಎ. ಗ್ರಿಫಿತ್. ಅವರ ಪ್ರಬಂಧ 1921ರಲ್ಲಿ ಪ್ರಕಟವಾಯಿತು. ಬಿರುಕನ್ನು ಮುಂದುವರಿಸಲು ಬೇಕಾದ ಪ್ರತಿಬಲವು ಬಿರುಕಿನ ಉದ್ದದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿದೆ. ಬಿರುಕು ನಾಲ್ಕು ಪಟ್ಟು ಉದ್ದವಾದರೆ ಅರ್ಧದಷ್ಟು ಪ್ರತಿಬಲ ಸಾಕು. ಗಾಜಿನಲ್ಲಿ 1 ಮಿ.ಮೀ. ಬಿರುಕಿಗೆ ಸುಮಾರು 13 ಮೆಗಾಪ್ಯಾಸ್ಕಲ್ ಬೇಕಾದರೆ, 4 ಮಿ.ಮೀ. ಬಿರುಕಿಗೆ 7ಕ್ಕಿಂತ ಕಡಿಮೆ.

ಈ ಪ್ರತಿಬಲ ಬರುವುದೆಲ್ಲಿಂದ? ಮುಖ್ಯ ಮೂಲ ಉಷ್ಣತೆ. ಹಿಗ್ಗಲು ಕುಗ್ಗಲು ಬಿಡದೆ ಹಿಡಿದಿಟ್ಟ ಗಾಜಿನಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಸುಮಾರು 0.6 ಮೆಗಾಪ್ಯಾಸ್ಕಲ್ ಪ್ರತಿಬಲ ಉಂಟಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾಯ್ದ ಗಾಜಿನ ಮೇಲೆ ತಣ್ಣೀರು ಸುರಿದರೆ, ಅಥವಾ ಒಳಗಿನಿಂದ ಏ.ಸಿ.ಯ ತಂಪು ಗಾಳಿ ಬಿಟ್ಟರೆ, ಇಪ್ಪತ್ತು ಡಿಗ್ರಿ ವ್ಯತ್ಯಾಸವಾಗುವುದು ಅಸಾಧ್ಯವಲ್ಲ. ತಗ್ಗು ದಿನ್ನೆಗಳಲ್ಲಿ ಕಾರಿನ ಚೌಕಟ್ಟು ತಿರುಚುವುದೂ ಇದಕ್ಕೆ ಸೇರುತ್ತದೆ. ತೇವಾಂಶದ ಪಾತ್ರವೂ ಇದೆ. ಬಿರುಕಿನ ತುದಿ ತಲುಪಿದ ನೀರಿನ ಅಣುಗಳು ಸಿಲಿಕಾನ್–ಆಮ್ಲಜನಕ ಬಂಧಗಳನ್ನು ಕಡಿಯುವುದರಿಂದ, ಕಡಿಮೆ ಪ್ರತಿಬಲದಲ್ಲಿಯೂ ಬಿರುಕು ನಿಧಾನವಾಗಿ ಬೆಳೆಯುತ್ತದೆ. ಸಾಸಿವೆಯಂಥ ಚುಕ್ಕೆ ವಾರಗಟ್ಟಲೆ ಸುಮ್ಮನಿದ್ದು ಒಂದು ದಿನ ಓಡುವುದು ಹೀಗೆ.

ದುರಸ್ತಿಯ ಗುಟ್ಟು

ಚುಕ್ಕೆ ಬೆಳ್ಳಗೆ ಕಾಣುವುದು ಅದರೊಳಗಿನ ಗಾಳಿಯಿಂದ. ಗಾಜಿನ ವಕ್ರೀಭವನ ಸೂಚ್ಯಂಕ 1.52, ಗಾಳಿಯದು 1. ಇವೆರಡು ಸೇರುವ ಪ್ರತಿ ಮೇಲ್ಮೈಯಲ್ಲಿ ನೇರವಾಗಿ ಬೀಳುವ ಬೆಳಕಿನ ಶೇ. 4ರಷ್ಟು ಪ್ರತಿಫಲಿಸುತ್ತದೆ. ದುರಸ್ತಿ ಮಾಡುವವರು ಗಾಳಿಯನ್ನು ಹೀರಿ ತೆಗೆದು, ಸುಮಾರು 1.5 ಸೂಚ್ಯಂಕದ ದ್ರವರಾಳವನ್ನು ತುಂಬಿ, ನೇರಳಾತೀತ ಬೆಳಕಿನಲ್ಲಿ ಗಟ್ಟಿಯಾಗಿಸುತ್ತಾರೆ. ಚುಕ್ಕೆ ಬಹುಮಟ್ಟಿಗೆ ಮರೆಯಾಗುತ್ತದೆ. ಬಿರುಕಿನ ತುದಿಯೂ ಬೆಸೆದುಕೊಳ್ಳುತ್ತದೆ. ಆದರೆ ಧೂಳು, ನೀರು ಒಳಸೇರುವ ಮೊದಲೇ ಇದು ಆಗಬೇಕು. ಚಾಲಕನ ನೇರ ನೋಟದಲ್ಲಿರುವ, ಗಾಜಿನ ಅಂಚಿಗೆ ತಾಗಿದ, ಒಳಪದರ ತಲುಪಿದ ಅಥವಾ ಉದ್ದವಾಗಿ ಬೆಳೆದ ಬಿರುಕಿಗೆ ಬದಲಾವಣೆಯೇ ದಾರಿ.

ವಿಮೆಯ ಲೆಕ್ಕ

‘ವಿಮೆ ಇದೆಯಲ್ಲ’ ಎನ್ನಬಹುದು. ಮೂರನೆಯವರ ಹಾನಿಗೆ ಮಾತ್ರ ಇರುವ ವಿಮೆಯಿಂದ ಗಾಜಿಗೆ ಏನೂ ಸಿಗುವುದಿಲ್ಲ. ಸಮಗ್ರ ವಿಮೆಯಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ. ಆದರೆ 1500 ಸಿ.ಸಿ.ವರೆಗಿನ ಖಾಸಗಿ ಕಾರಿನ ಪ್ರತಿ ಕ್ಲೇಮಿನಲ್ಲಿ ಮೊದಲ 1000 ರೂಪಾಯಿ ಮಾಲೀಕರದೇ. ದೊಡ್ಡ ಹೊಡೆತ ‘ನೋ ಕ್ಲೇಮ್ ಬೋನಸ್’ ಹೋಗುವುದರಲ್ಲಿದೆ. ಸ್ವಂತ ಹಾನಿಯ ಕಂತಿನಲ್ಲಿ ಸಿಗುವ ಈ ರಿಯಾಯಿತಿ ವರ್ಷದಿಂದ ವರ್ಷಕ್ಕೆ ಶೇ. 20, 25, 35, 45, 50 ಎಂದು ಏರುತ್ತದೆ. ಒಂದು ಕ್ಲೇಮಿನ ಬಳಿಕ, ಬೋನಸ್ ಕಾಪಾಡುವ ಹೆಚ್ಚುವರಿ ರಕ್ಷಣೆ ಇಲ್ಲದಿದ್ದರೆ, ಅದು ಶೂನ್ಯಕ್ಕಿಳಿಯುತ್ತದೆ. ಶೇ. 50 ಪಡೆಯುತ್ತಿದ್ದವರು ಮತ್ತೆ ಅಲ್ಲಿಗೆ ಏರುವಷ್ಟರಲ್ಲಿ ಕ್ರಮವಾಗಿ 50, 30, 25, 15, 5, ಒಟ್ಟು ಶೇ. 125ರಷ್ಟನ್ನು ಕಳೆದುಕೊಳ್ಳುತ್ತಾರೆ. ಈ ಕಂತು 6000 ರೂಪಾಯಿ ಇದ್ದು ಬದಲಾಗದೆ ಉಳಿದರೆ ನಷ್ಟ 7500. ಜೊತೆಗೆ ಆ 1000. ಕಾರು ಹಳೆಯದಾದಂತೆ ಕಂತು ಇಳಿಯುವುದರಿಂದ ನಷ್ಟ ಸ್ವಲ್ಪ ಕಡಿಮೆಯಾಗಬಹುದು. ಆದರೂ 8000 ರೂಪಾಯಿಯ ಗಾಜಿಗೆ ಕ್ಲೇಮ್ ಮಾಡುವ ಮುನ್ನ ಕಾಗದ, ಪೆನ್ಸಿಲ್ ಹಿಡಿಯುವುದು ಒಳ್ಳೆಯದು. ಗಾಜಿನ ಹಿಂದೆ ಚಾಲಕನಿಗೆ ನೆರವಾಗುವ ಕ್ಯಾಮೆರಾ ಇರುವ ಹೊಸ ಕಾರುಗಳಲ್ಲಿ, ಅದನ್ನು ಮತ್ತೆ ಹೊಂದಿಸುವ ಖರ್ಚೂ ಸೇರುವುದರಿಂದ, ಉತ್ತರ ಬೇರೆಯಾಗಬಹುದು.

ಅಗ್ಗದ ಕೆಲಸದ ಅಪಾಯ

ಗಾಜು ಮಳೆಗಾಳಿಯ ತಡೆ ಮಾತ್ರವಲ್ಲ. ಅನೇಕ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಗಾಜಿಗೆ ಆತುಕೊಳ್ಳುತ್ತದೆ. ಕಾರು ಮಗುಚಿದಾಗ ಚಾವಣಿಗೂ ಗಾಜಿನ ಆಸರೆ ಇದೆ. ಗಾಜನ್ನು ಹಿಡಿದಿಡುವುದು ಪಾಲಿಯುರಿಥೇನ್ ಅಂಟು. ಅದು ಗಟ್ಟಿಯಾಗಲು ತಯಾರಕರು ಹೇಳಿದಷ್ಟು ಸಮಯ ಬೇಕು. ಅದಕ್ಕೂ ಮುನ್ನ ಕಾರು ಓಡಿಸಬಾರದು. ಹೊಸ ಗಾಜಿನ ಮೇಲೆ ಭಾರತೀಯ ಮಾನಕದ ಗುರುತು ಇರುವುದನ್ನೂ ನೋಡಿಕೊಳ್ಳಿ.

ಕಲ್ಲು ಬಡಿದ ದಿನ ಮಾಡಬೇಕಾದುದು ಇಷ್ಟೇ: ಚುಕ್ಕೆಯ ಮೇಲೆ ಪಾರದರ್ಶಕ ಟೇಪು ಅಂಟಿಸಿ, ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಣ್ಣೀರು ಹಾಕಬೇಡಿ, ಏ.ಸಿ. ಗಾಳಿಯನ್ನು ಗಾಜಿನತ್ತ ತಿರುಗಿಸಬೇಡಿ. ಊರಿನಲ್ಲಿ ದುರಸ್ತಿಯವರಿಲ್ಲದಿದ್ದರೆ ಬೆಳಗಾವಿಗೆ ಮುಂದಿನ ಬಾರಿ ಹೋದಾಗ ನೋಡೋಣ ಎನ್ನದೆ, ಅದಕ್ಕೆಂದೇ ಹೋಗಿ ಬನ್ನಿ. ಬಿರುಕು ಉದ್ದವಾದಷ್ಟೂ ಅದು ಮುಂದುವರಿಯುವುದು ಸುಲಭ. ಆದ್ದರಿಂದ ಅದನ್ನು ತಡೆಯಲು ಚಿಕ್ಕದಿರುವಾಗಲೇ ಸರಿಯಾದ ಸಮಯ.