ಮಾರೋ ಮನೇನ ಸಜ್ಜು ಮಾಡೋದು ಸರಿ, ಗೋಡೆಯ ತೇವ ಮುಚ್ಚೋದು?

ಈ ವಾರದ ಸಂಚಿಕೆಯ ಬರಹ ರೂಪ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಮೆಟ್ರೋದಲ್ಲಿ ಸೀಟ್ ಸಿಕ್ಕಿರೋ ಅದೃಷ್ಟವಂತರಿಗೂ ಸ್ವಾಗತ. ಇವತ್ತಿನ ವಿಷಯ ಹೋಮ್ ಸ್ಟೇಜಿಂಗ್. ಅಂದ್ರೆ ಮಾರಾಟಕ್ಕಿಟ್ಟ ಮನೆಯನ್ನ ನೋಡೋಕೆ ಬರುವವರ ಕಣ್ಣಿಗೆ ಒಪ್ಪುವ ಹಾಗೆ ಸಿದ್ಧ ಮಾಡೋದು. 1970ರ ದಶಕದಲ್ಲಿ ಅಮೆರಿಕದಲ್ಲಿ ಬಾರ್ಬ್ ಶ್ವಾರ್ಟ್ಜ್ ಅನ್ನೋ ಏಜೆಂಟ್ ಇದನ್ನ ಒಂದು ಕಸುಬಾಗಿ ಬೆಳೆಸಿದ್ರು.

"ಬಾಡಿಗೆ ಕಟ್ಟೋದೇ ಕಷ್ಟ, ಮನೆ ಮಾರೋದೆಲ್ಲಿ?" ಅಂತೀರಾ? ಅಪ್ಪ ಅಮ್ಮನ ಮನೆ ಮಾರೋ ದಿನ ಬಂದಾಗ ಫೋಟೋ ತೆಗೆಯೋದು, ಆ್ಯಪ್‌ಗೆ ಹಾಕೋದು ನಾವೇ. ನನಗೆ ಆ ದಿನ ಹೋದ ವರ್ಷ ಬಂತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬಂದ್ರು. ಮೈಸೂರಿನ ಮನೆಗೆ ಬೀಗ ಬಿತ್ತು. ನಾಲ್ಕು ತಿಂಗಳು ಜನ ಬಂದು ನೋಡಿದ್ರು, "ಫೋನ್ ಮಾಡ್ತೀವಿ" ಅಂದ್ರು, ಯಾರೂ ಮಾಡ್ಲಿಲ್ಲ.

ಮೊದಲು ಮೂಗು, ಆಮೇಲೆ ಕಣ್ಣು

ಬಾಗಿಲು ತೆಗೆದ ತಕ್ಷಣ ಚರಂಡಿ ವಾಸನೆ. ಕಾರಣ ಸಿಂಪಲ್. ಬಾತ್‌ರೂಮಿನ ನೀರು ಹೋಗೋ ಜಾಲರಿಯ ಕೆಳಗೆ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತೆ. ಆ ನೀರೇ ಪೈಪಿನ ವಾಸನೆಯನ್ನ ತಡೆಯೋದು. ಮನೆ ಬಳಸದೇ ಇದ್ರೆ ಅದು ಒಣಗುತ್ತೆ. ಪ್ರತಿ ಜಾಲರಿಗೂ ಒಂದೊಂದು ಚೊಂಬು ನೀರು ಹಾಕಿ, ಕಿಟಕಿ ತೆಗೆದಿಟ್ಟೆ. ಅಷ್ಟೇ! ಊದುಬತ್ತಿ ಹಚ್ಚಿ ವಾಸನೆ ಮುಚ್ಚಬೇಡಿ, ಬಂದವರಿಗೆ ಅನುಮಾನ ಜಾಸ್ತಿಯಾಗುತ್ತೆ.

ಆಮೇಲೆ ಸಾಮಾನು. ಅಟ್ಟದಲ್ಲಿದ್ದ ಹಳೇ ಪೇಪರು, ಮುರಿದ ಕುರ್ಚಿ ಗುಜರಿಗೆ ಹೋಯ್ತು. ಆದ್ರೆ ಮನೇನ ಪೂರ್ತಿ ಖಾಲಿ ಮಾಡ್ಲಿಲ್ಲ. ಖಾಲಿ ರೂಮಿನ ಅಳತೆ ಕಣ್ಣಿಗೆ ಸಿಗಲ್ಲ. ಒಂದು ಮಂಚ ಇದ್ರೆ "ಓ, ಬೀರು ಇಟ್ರೂ ಓಡಾಡೋಕೆ ಜಾಗ ಇದೆ" ಅಂತ ಲೆಕ್ಕ ಹಾಕ್ತಾರೆ.

ಫೋಟೋಗೆ ಬೆಳಗಿನ ಬೆಳಕು ಒಳ್ಳೇದು. ಕರ್ಟನ್ ಸರಿಸಿ, ಫೋನ್ ಅಡ್ಡ ಹಿಡಿದು, ಎದೆಮಟ್ಟದಲ್ಲಿ, ರೂಮಿನ ಮೂಲೆಯಿಂದ ತೆಗೀರಿ. 0.5 ಝೂಮಲ್ಲಿ ಹಾಲ್ ಮದುವೆ ಛತ್ರದ ಹಾಗೆ ಕಾಣುತ್ತೆ, ಬಂದು ನೋಡಿದವರ ಮುಖ ಸಪ್ಪಗಾಗುತ್ತೆ. ಮನೆಯವರ ಫೋಟೋ, ಬೀರು, ಕಾಗದಪತ್ರ ಫ್ರೇಮಲ್ಲಿ ಬೀಳದ ಹಾಗೆ ನೋಡ್ಕೊಳ್ಳಿ.

ಅಪ್ಪನ ಫೋಟೋವನ್ನ ಗೋಡೆಯಿಂದ ಇಳಿಸೋಕೆ ಮಾತ್ರ ನನ್ನ ಕೈ ಬರ್ಲಿಲ್ಲ. ಅಮ್ಮನೇ ಇಳಿಸಿ, ಸೀರೇಲಿ ಸುತ್ತಿ ಬ್ಯಾಗಿಗೆ ಇಟ್ಕೊಂಡ್ರು.

ಆ ಒಂದು ಗೋಡೆ

ಹಿಂದಿನ ರೂಮಿನ ಗೋಡೆ ಪ್ರತಿ ಮಳೆಗಾಲ ತೇವ ಆಗುತ್ತೆ. ಬಿಳೀ ಪುಡಿ ಉದುರುತ್ತೆ. ಅದು ಗೋಡೆಯೊಳಗಿನ ಉಪ್ಪು, ನೀರಿನ ಜೊತೆ ಹೊರಗೆ ಬಂದು ಮೇಲೆ ನಿಲ್ಲುತ್ತೆ. ನೀರು ಬರೋ ಜಾಗ ಸರಿ ಮಾಡದೇ ಪೇಂಟ್ ಹೊಡೆದ್ರೆ ಅದು ಮತ್ತೆ ಎದ್ದು ಬರುತ್ತೆ.

ಬ್ರೋಕರ್ ಅಂಕಲ್ ಅಂದ್ರು, "ಈಗ ಬೇಸಿಗೆ. ಒಂದು ಕೋಟ್ ಹೊಡೆಸಿ, ಬೀರು ಅಡ್ಡ ಇಡಿ. ಯಾರಿಗೂ ಗೊತ್ತಾಗಲ್ಲ."

ನಿಜ ಹೇಳ್ತೀನಿ, ನಾನು ಪೇಂಟರ್‌ಗೆ ಫೋನ್ ಮಾಡೇಬಿಟ್ಟಿದ್ದೆ. ಅಮ್ಮ ಕೇಳಿಸಿಕೊಂಡ್ರು. "ಜೂನ್ ತಿಂಗಳಲ್ಲಿ ಅವರು ನಿಮ್ಮಪ್ಪನ್ನ ಬೈಕೊಂಡು ಆ ಗೋಡೆ ಒರೆಸಬೇಕೇನೋ?" ಅಂದ್ರು.

ಅಮ್ಮ ಹೇಳಿದ್ದನ್ನೇ ಕಾನೂನೂ ಹೇಳುತ್ತೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ, ಮಾರುವವರಿಗೆ ಗೊತ್ತಿರೋ ಆದ್ರೆ ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕಾಣದ ದೊಡ್ಡ ದೋಷವನ್ನ ತಿಳಿಸಲೇಬೇಕು. ತಿಳಿಸದಿದ್ರೆ ಅದು ವಂಚನೆ. ಅಂದ್ರೆ ಹಳೇ ಕುರ್ಚಿ ತೆಗೆಯೋದು ಸ್ಟೇಜಿಂಗ್, ತೇವದ ಗೋಡೆಗೆ ಬೀರು ಅಡ್ಡ ಇಡೋದು ಮೋಸ.

ಬಿಕಾಂ ಬುದ್ಧಿ

ಖರ್ಚು ಮಾಡೋ ಮುಂಚೆ ಒಂದು ಲೆಕ್ಕ. ಮಾರೋಕೆ ಮುಂಚೆ ಮಾಡಿಸೋ ಪೇಂಟು, ಸಣ್ಣಪುಟ್ಟ ರಿಪೇರಿಯನ್ನ ಕ್ಯಾಪಿಟಲ್ ಗೇನ್ಸ್ ತೆರಿಗೆಯಲ್ಲಿ ಸಾಮಾನ್ಯವಾಗಿ ಮನೆಯ ಸುಧಾರಣೆ ವೆಚ್ಚ ಅಂತ ಪರಿಗಣಿಸಲ್ಲ. ಮಾರಾಟಕ್ಕಾಗಿಯೇ ಕೊಟ್ಟ ಬ್ರೋಕರ್ ಕಮಿಷನ್ ಕಳೆಯಬಹುದು, ರಸೀದಿ ಇಟ್ಕೊಳ್ಳಿ. ಅದಕ್ಕೇ ಲಕ್ಷಗಟ್ಟಲೆ ಸುರಿಯಬೇಡಿ. ಒಂದೇ ಬಣ್ಣದ ಬಲ್ಬು, ಸೋರದ ನಲ್ಲಿ, ತಿಕ್ಕಿ ತೊಳೆದ ಅಡುಗೆಮನೆ ಕಟ್ಟೆ ಸಾಕು. ಜೊತೆಗೆ ಖಾತಾ, ಇಸಿ, ಕಂದಾಯದ ರಸೀದಿ ಎಲ್ಲಾ ಒಂದೇ ಫೈಲಲ್ಲಿ ರೆಡಿ ಇರಲಿ. ಕೊಳ್ಳೋರಿಗೆ ಅದಕ್ಕಿಂತ ಚಂದದ ಅಲಂಕಾರ ಇಲ್ಲ.

ನಮ್ಮ ಕಥೆ ಏನಾಯ್ತು? ವಾಟರ್‌ಪ್ರೂಫಿಂಗ್ ಮಾಡೋರ ಹತ್ರ ಎಸ್ಟಿಮೇಟ್ ಬರೆಸಿ ಆ ಗೋಡೆಯ ಪಕ್ಕದಲ್ಲೇ ಇಟ್ವಿ. ಇಬ್ಬರು ನೋಡಿ ವಾಪಸ್ ಹೋದ್ರು. ಮೂರನೆಯವರು ಅಷ್ಟು ದುಡ್ಡು ಕಡಿಮೆ ಮಾಡಿ ಅಂದ್ರು, ಮಾಡಿದ್ವಿ, ಅಗ್ರಿಮೆಂಟ್ ಆಯ್ತು. ಬ್ರೋಕರ್ ಅಂಕಲ್‌ಗೆ ಸ್ವಲ್ಪ ಬೇಜಾರು.

ಜುಲೈನಲ್ಲಿ ಮನೆ ತಗೊಂಡವರು ಅಮ್ಮನಿಗೆ ಫೋನ್ ಮಾಡಿದ್ರು. ನನ್ನ ಎದೆ ಧಸಕ್ಕಂತು. ಅವರು ಕೇಳಿದ್ದು ಹಿತ್ತಲಿನ ಕರಿಬೇವಿನ ಗಿಡಕ್ಕೆ ಏನು ಗೊಬ್ಬರ ಹಾಕ್ತಿದ್ರಿ ಅಂತ.

ನಿಮ್ಮ ಮನೆ ಮಾರಿದ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.