ಪೋಡಿಗೆ ಬಂದ ಕಸುಬಿನ ಪಾಠ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳಿಗೆ ಕಸುಬು ಕಲಿಸಬೇಕು ಎಂಬ ಮಾತಿಗೆ ವಯಸ್ಸು ಹೆಚ್ಚಾಗಿಲ್ಲ. ಅದಕ್ಕೂ ಮೊದಲು ಹುಡುಗರು ಅಪ್ಪ, ಮಾವಂದಿರ ಬೆನ್ನಿಗೆ ಬಿದ್ದು ಕಾಡು ಸುತ್ತಿದರೆ ಸಾಕಿತ್ತು. ಹೆಜ್ಜೇನಿನ ಎರಿಯಲ್ಲಿ ಎಷ್ಟು ಕೊಯ್ಯಬೇಕು, ಮರಿಗಳಿಗೆಂದು ಎಷ್ಟು ಬಿಡಬೇಕು, ರಾಗಿಗೆ ಯಾವ ಜಾಗ ಒಳ್ಳೆಯದು, ಒಣಗಿದ ಎಲೆಗೆ ಕೊಡುವ ‘ತರಗುಬೆಂಕಿ’ಯನ್ನು ಯಾವ ಹೊತ್ತಿನಲ್ಲಿ ಹಚ್ಚಬೇಕು ಎಂಬುದೆಲ್ಲ ಕೈಗೆ ತಾನಾಗಿ ಹತ್ತುತ್ತಿತ್ತು.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು, ತರಗುಬೆಂಕಿಯೂ ಅಪರಾಧವಾಯಿತು. ಒಳಕಾಡಿನಲ್ಲಿ ಚದುರಿದ್ದ ಕುಟುಂಬಗಳು ಬೇರೆ ಬೇರೆ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಬಂದು ನೆಲೆಸಬೇಕಾಯಿತು. ಕಾಡು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವರು ಒಮ್ಮೆಗೇ ಕೂಲಿಯವರಾದರು. ಕಸುಬಿನ ಶಾಲೆಯ ಅಗತ್ಯ ಹುಟ್ಟಿದ್ದು ಇಲ್ಲಿಂದ. ಇದನ್ನು ಮರೆತು ‘ಗಿರಿಜನರಿಗೆ ಕೌಶಲ ಇಲ್ಲ’ ಎಂದು ವರದಿ ಬರೆಯುವವರು ಈಗಲೂ ಇದ್ದಾರೆ.

ಡಾ. ಎಚ್. ಸುದರ್ಶನ್ ಬೆಟ್ಟ ಹತ್ತಿದ್ದು ವೈದ್ಯರಾಗಿ. 1981ರಲ್ಲಿ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಆಸ್ಪತ್ರೆಯ ಜೊತೆಗೆ ಶಾಲೆ ಬಂತು, ಹಾಸ್ಟೆಲ್ ಬಂತು, ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದುವ ಅವಕಾಶ ಬಂತು. ಅದರ ಪಕ್ಕದಲ್ಲೇ ನೇಯ್ಗೆ, ಹೊಲಿಗೆ, ಮರಗೆಲಸದಂಥ ತರಬೇತಿಗಳು. ಹೆಣ್ಣುಮಕ್ಕಳಿಗೆ ನರ್ಸಿಂಗ್ ತರಬೇತಿಯ ದಾರಿಯೂ ತೆರೆಯಿತು. 1994ರಲ್ಲಿ ಈ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಬೆಟ್ಟದ ಹೆಸರು ಹೊರದೇಶದವರಿಗೂ ತಿಳಿಯಿತು.

ನರ್ಸಿಂಗ್ ಕಲಿತ ಹುಡುಗಿಗೆ ತನ್ನ ಜನರ ನಡುವೆಯೇ ಕೆಲಸವಿತ್ತು. ಆದರೆ ಹೊಲಿಗೆ ಯಂತ್ರದ ಕತೆ ಬೇರೆ. ಕರ್ನಾಟಕದ ಯಾವ ಮೂಲೆಯಲ್ಲೇ ಆಗಲಿ, ಬಡವರ ಉದ್ಧಾರಕ್ಕೆ ಮೊದಲು ಹೊಳೆಯುವುದು ಹೊಲಿಗೆ ಯಂತ್ರವೇ! ಕೆಲವೇ ಮನೆಗಳ ಪೋಡಿನಲ್ಲಿ ಎಷ್ಟು ರವಿಕೆ ಹೊಲಿಯುವುದು? ಗಿರಾಕಿ ಬೇಕೆಂದರೆ ಯಳಂದೂರಿಗೋ ಚಾಮರಾಜನಗರಕ್ಕೋ ಇಳಿಯಬೇಕು. ಅಲ್ಲಿ ಮೊದಲೇ ಟೈಲರುಗಳು ಸಾಲಾಗಿ ಕೂತಿದ್ದಾರೆ.

ಇದಕ್ಕೆ ಉತ್ತರದಂತಿರುವ ಪ್ರಯೋಗ ನಡೆದದ್ದು ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ. ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆಂದು ತಂದ ಲಂಟಾನ ಈ ಕಾಡುಗಳನ್ನೆಲ್ಲ ಮುಚ್ಚಿಕೊಂಡಿದೆ. ತರಗುಬೆಂಕಿ ನಿಲ್ಲಿಸಿದ್ದರಿಂದಲೇ ಅದು ಹೀಗೆ ಹಬ್ಬಿತು ಎನ್ನುವುದು ಸೋಲಿಗ ಹಿರಿಯರ ವಾದ. ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆ ಈ ಕಳೆಯನ್ನೇ ಕಚ್ಚಾವಸ್ತು ಮಾಡಿಕೊಂಡು ಕುರ್ಚಿ, ಮೇಜು, ಬುಟ್ಟಿ ಮಾಡುವ ತರಬೇತಿ ಕೊಟ್ಟಿತು. ಸಾಮಾನಿಗೆ ಕಾಸು ಕೊಡಬೇಕಿಲ್ಲ, ಕಡಿದಷ್ಟೂ ಕಾಡಿಗೆ ಒಳ್ಳೆಯದು.

ಕೆಲಸ ಮಾತ್ರ ಸುಲಭದ್ದಲ್ಲ. ಕಡ್ಡಿಗಳನ್ನು ದಪ್ಪ ನೋಡಿ ವಿಂಗಡಿಸಿ, ನೀರು ತುಂಬಿದ ಉದ್ದನೆಯ ತೊಟ್ಟಿಗೆ ಹಾಕಿ ಗಂಟೆಗಟ್ಟಲೆ ಬೇಯಿಸಬೇಕು. ಆಮೇಲೆ ಸಿಪ್ಪೆ ಸುಲಿಯಬೇಕು. ಇನ್ನೂ ಬಿಸಿ ಇರುವಾಗಲೇ ಬಗ್ಗಿಸಿ ಆಕಾರಕ್ಕೆ ತರಬೇಕು. ಆರಿತೋ, ಕಡ್ಡಿ ಮಾತು ಕೇಳುವುದಿಲ್ಲ. ಗಂಟು ಎಲ್ಲಿದೆ, ಎಷ್ಟು ಒತ್ತಿದರೆ ಸೀಳುತ್ತದೆ ಎಂಬುದು ಪುಸ್ತಕದಿಂದ ಬರುವುದಿಲ್ಲ. ಬಿದಿರು, ಬಳ್ಳಿಯೊಡನೆ ಬೆಳೆದ ಕೈಗೆ ಅದು ಬೇಗ ಒಲಿಯಿತು.

2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಲಂಟಾನದ ಆನೆಗಳು ಹಿಂಡುಹಿಂಡಾಗಿ ನಿಂತಾಗ ಪತ್ರಿಕೆಗಳೆಲ್ಲ ಬರೆದವು. ತಮಿಳುನಾಡಿನ ಗೂಡಲೂರಿನಲ್ಲಿ ಬೆಟ್ಟ ಕುರುಂಬರು, ಪಣಿಯರು, ಸೋಲಿಗರು ಸೇರಿ, ತಮ್ಮ ಕಾಡಿನ ನಿಜವಾದ ಆನೆಗಳನ್ನೇ ಮಾದರಿಯಾಗಿಟ್ಟುಕೊಂಡು, ಕಬ್ಬಿಣದ ಚೌಕಟ್ಟಿಗೆ ಕಡ್ಡಿ ಸುತ್ತಿ ಮಾಡಿದವು ಅವು. ಆನೆಯ ನಿಲುವು, ನಡಿಗೆ ಅವರಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಆನೆಗೆ ಸಿಕ್ಕ ಹೆಸರು ಕುರ್ಚಿಗೆ ಸಿಗುವುದಿಲ್ಲ. ಬೆಟ್ಟದಿಂದ ಕುರ್ಚಿ ಇಳಿಸಲು ಲಾರಿ ಬಾಡಿಗೆ ಕೊಡಬೇಕು, ಊರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಬೆಲೆಯೊಡನೆ ಸೆಣಸಬೇಕು. ಆರ್ಡರ್ ಇದ್ದರೆ ಕೆಲಸ, ಇಲ್ಲದಿದ್ದರೆ ಮತ್ತೆ ಕಾಫಿ ತೋಟದ ಕೂಲಿ. ಇತ್ತ ಬಿಳಿಗಿರಿ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ಮೀಸಲು ಪ್ರದೇಶವೂ ಆಗಿತ್ತು. ಹಕ್ಕುಪತ್ರದಿಂದ ಜೇನು, ನೆಲ್ಲಿಕಾಯಿಗೆ ಕಾನೂನಿನ ಬಲ ಬಂತು. ಆದರೆ ಗಿರಿಜನರ ಆಶ್ರಮ ಶಾಲೆಯ ಮಕ್ಕಳು ಓದುವುದು ಮೈಸೂರು, ಬೆಂಗಳೂರಿನ ಮಕ್ಕಳ ಪಠ್ಯವನ್ನೇ. ಎರಿ ಕೊಯ್ಯಬಲ್ಲವರು, ಕಡ್ಡಿ ಬಗ್ಗಿಸಬಲ್ಲವರು ಅದೇ ಶಾಲೆಯ ಆಸುಪಾಸಿನಲ್ಲಿದ್ದಾರೆ. ಅವರು ಸರ್ಕಾರಿ ಶಾಲೆಯ ಮೇಷ್ಟ್ರಾಗಬೇಕೆಂದರೆ ಶಿಕ್ಷಕ ತರಬೇತಿಯ ಸರ್ಟಿಫಿಕೇಟು ತರಬೇಕು.